ಹಳೆಯ ಫೋರ್ ವೀಲ್ ಡ್ರೈವ್ ವ್ಯಾನ್‌ಗೆ ಯಾವ ಗೇರ್ ಆಯಿಲ್? ಪೆಟ್ಟಿಗೆ ಪೆಟ್ಟಿಗೆಗೂ ಲೆಕ್ಕ ಬೇರೆ

ಹಳೆಯ ಫೋರ್ ವೀಲ್ ಡ್ರೈವ್ ವ್ಯಾನ್ ಇಟ್ಟುಕೊಂಡವರು ಎಂಜಿನ್ ಆಯಿಲ್ ಬಗ್ಗೆ ಎಷ್ಟು ಬೇಕಾದರೂ ತಲೆ ಕೆಡಿಸಿಕೊಳ್ಳುತ್ತಾರೆ. ಗೇರ್ ಆಯಿಲ್ ಅಂದ ತಕ್ಷಣ ಮಾತ್ರ "ಯಾವುದೋ ಒಂದು 90 ಆಯಿಲ್ ಹಾಕಿದರಾಯ್ತು" ಅಂದುಬಿಡುತ್ತಾರೆ. ಅಷ್ಟು ಸುಲಭ ಇಲ್ಲ. ಗಾಡಿ ಕೆಳಗೆ ಮಲಗಿ ನೋಡಿ, ಆಯಿಲ್ ತುಂಬುವ ಜಾಗ ಸಾಮಾನ್ಯವಾಗಿ ನಾಲ್ಕು ಇರುತ್ತವೆ: ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸ್‌ನಿಂದ ಬಂದ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ), ಮುಂದಿನ ಡಿಫರೆನ್ಷಿಯಲ್, ಹಿಂದಿನ ಡಿಫರೆನ್ಷಿಯಲ್ (ಆ ಶಕ್ತಿಯನ್ನು ಎಡ-ಬಲ ಚಕ್ರಗಳಿಗೆ ಹಂಚುವ ಪೆಟ್ಟಿಗೆಗಳು). ಒಂದೊಂದರ ಒಳಗೆ ನಡೆಯುವ ಕೆಲಸವೇ ಬೇರೆ. ಹಾಗಾಗಿ "ನನ್ನ ಗಾಡಿಗೆ ಯಾವ ಆಯಿಲ್" ಅನ್ನೋ ಪ್ರಶ್ನೆಗೆ ಒಂದೇ ಉತ್ತರ ಸಿಗುವುದಿಲ್ಲ. ಈ ಪೆಟ್ಟಿಗೆಯ ಒಳಗೆ ಏನಿದೆ ಅಂತ ಮೊದಲು ಕೇಳಬೇಕು. ಗೇರ್ ಸದ್ದಿಲ್ಲದೆ ಕೂಡಿಸುವ ಹಿತ್ತಾಳೆಯ ಸಿಂಕ್ರೋ ರಿಂಗ್ ಇದೆಯಾ? ಹೈಪಾಯ್ಡ್ ಕ್ರೌನ್-ಪಿನಿಯನ್ (ಡಿಫರೆನ್ಷಿಯಲ್‌ನ ದೊಡ್ಡ-ಚಿಕ್ಕ ಗೇರಿನ ಜೋಡಿ) ಇದೆಯಾ? ಕ್ಲಚ್ ಪ್ಲೇಟ್ ಇರುವ ಎಲ್‌ಎಸ್‌ಡಿ (ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯುವಂಥದ್ದು) ಇದೆಯಾ? ಚೈನ್ ಇದೆಯಾ? ಇಷ್ಟು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಜಿಎಲ್-4 ಮತ್ತು ಜಿಎಲ್-5

ಜಿಎಲ್-5 ಅಂದರೆ ಜಿಎಲ್-4ಕ್ಕಿಂತ ಹೊಸದು, ಒಳ್ಳೆಯದು ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ತಪ್ಪು ಅವರದ್ದೂ ಅಲ್ಲ. ಪೆಟ್ರೋಲ್ ಎಂಜಿನ್ ಆಯಿಲ್‌ನಲ್ಲಿ ಎಸ್‌ಎಲ್ ಆದಮೇಲೆ ಎಸ್‌ಎಂ, ಆಮೇಲೆ ಎಸ್‌ಎನ್ ಬಂತು, ಹೊಸದು ಹಳೆಯದರ ಜಾಗಕ್ಕೆ ನಡೆಯುತ್ತದೆ ಅಂತ ಅಭ್ಯಾಸ ಆಗಿಬಿಟ್ಟಿದೆ. ಆದರೆ ಗೇರ್ ಆಯಿಲ್‌ನಲ್ಲಿ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಕೊಡುವ ಈ ನಂಬರ್‌ಗಳು ಮೇಲು-ಕೀಳು ಹೇಳುವುದಿಲ್ಲ, ಯಾವ ಥರದ ಗೇರಿಗೆ ಅನ್ನುವುದನ್ನು ಹೇಳುತ್ತವೆ.

ಡಿಫರೆನ್ಷಿಯಲ್ ಒಳಗೆ ಏನಾಗುತ್ತದೆ ನೋಡಿ. ಪಿನಿಯನ್ ಶಾಫ್ಟ್ ಕ್ರೌನ್ ವೀಲ್‌ನ ನಡುಮಧ್ಯಕ್ಕೆ ಬಂದು ಸೇರುವುದಿಲ್ಲ, ಸ್ವಲ್ಪ ಪಕ್ಕಕ್ಕೆ ಸರಿದು ಕೂತಿರುತ್ತದೆ. ಇದೇ ಹೈಪಾಯ್ಡ್. ಹೀಗಿರುವುದರಿಂದ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಭಾರ ಹೊತ್ತುಕೊಂಡೇ ಉಜ್ಜಿಕೊಂಡು ಜಾರುತ್ತವೆ. ಆ ಒತ್ತಡಕ್ಕೆ ಆಯಿಲ್‌ನ ಪದರ ನಿಲ್ಲುವುದಿಲ್ಲ, ಒರೆಸಿ ಹೋಗುತ್ತದೆ. ಆಗ ಕಾಪಾಡುವುದು ಆಯಿಲ್‌ಗೆ ಬೆರೆಸಿರುವ ಗಂಧಕ-ರಂಜಕದ ಇಪಿ (ಎಕ್ಸ್‌ಟ್ರೀಮ್ ಪ್ರೆಷರ್, ಅಂದರೆ ಅತಿ ಒತ್ತಡ ತಡೆಯುವ) ಅಡಿಟಿವ್. ಹಲ್ಲು ಬಿಸಿಯಾದ ಜಾಗದಲ್ಲಿ ಅದು ಉಕ್ಕಿನ ಜೊತೆ ಸೇರಿ ತೆಳು ಪದರ ಕಟ್ಟುತ್ತದೆ, ಹಲ್ಲಿನ ಬದಲು ಆ ಪದರ ಸವೆಯುತ್ತದೆ. ಗೇರ್ ಆಯಿಲ್ ಮೂಗಿಗೆ ಹೊಡೆಯುವ ಆ ವಾಸನೆ ಈ ಗಂಧಕದ್ದೇ. ಜಿಎಲ್-5ನಲ್ಲಿ ಈ ಅಡಿಟಿವ್ ಜಿಎಲ್-4ಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಇರುತ್ತದೆ.

ಗೇರ್‌ಬಾಕ್ಸ್ ಒಳಗಿನ ಸಿಂಕ್ರೋ ರಿಂಗ್‌ನ ಕೆಲಸ ಇದಕ್ಕೆ ಪೂರ್ತಿ ಉಲ್ಟಾ. ಅದು ಗೇರಿನ ಕೋನ್ ಅನ್ನು ಹಿಡಿಯಬೇಕು. ಗೇರ್ ಬದಲಿಸುವಾಗ ರಿಂಗ್ ಕೋನ್‌ಗೆ ಒತ್ತಿ, ನಡುವಿನ ಆಯಿಲ್ ಹಿಂಡಿ ಹಾಕಿ, ಉಜ್ಜಿ ಎರಡರ ವೇಗವನ್ನೂ ಸಮ ಮಾಡಿದರೆ ಮಾತ್ರ ಹಲ್ಲು ಸದ್ದಿಲ್ಲದೆ ಕೂಡುತ್ತದೆ. ತುಂಬಾ ಜಾರುವ ಆಯಿಲ್ ಹಾಕಿದರೆ ರಿಂಗ್‌ಗೆ ಹಿಡಿತವೇ ಸಿಗುವುದಿಲ್ಲ. ಬೆಳಿಗ್ಗೆ ಗಾಡಿ ತೆಗೆದು ಎರಡನೇ ಗೇರಿಗೆ ಹಾಕುವಾಗ ಕರ್ರ್ ಅಂತ ಸದ್ದು ಬರುತ್ತದೆ, ಲಿವರ್ ಒಂದು ಕ್ಷಣ ತಡೆದು ನಿಂತು ಆಮೇಲೆ ಒಳಗೆ ಹೋಗುತ್ತದೆ. ಹಿತ್ತಾಳೆ, ಕಂಚಿನ ಭಾಗಗಳಿಗೆ ಗಂಧಕ ಒಗ್ಗುವುದಿಲ್ಲ ಅನ್ನುವುದು ಇನ್ನೊಂದು ವಿಷಯ. ಇದನ್ನು ಅಳೆಯಲು ತಾಮ್ರದ ಪಟ್ಟಿಯನ್ನು ಬಿಸಿ ಆಯಿಲ್‌ನಲ್ಲಿ, ಗೇರ್ ಆಯಿಲ್ ಆದರೆ ಸಾಮಾನ್ಯವಾಗಿ 121 ಡಿಗ್ರಿಯಲ್ಲಿ 3 ಗಂಟೆ, ಮುಳುಗಿಸಿಟ್ಟು ಎಷ್ಟು ಕಪ್ಪಾಯಿತು ಅಂತ 1ರಿಂದ 4ರವರೆಗೆ ಅಂಕ ಕೊಡುತ್ತಾರೆ. ಇವತ್ತಿನ ಒಳ್ಳೆಯ ಜಿಎಲ್-5 ಆಯಿಲ್‌ಗಳು ಈ ಪರೀಕ್ಷೆಯಲ್ಲಿ ಹಳೆಯವಕ್ಕಿಂತ ಎಷ್ಟೋ ವಾಸಿ. ಆದ್ದರಿಂದ "ಜಿಎಲ್-5 ಹಾಕಿದರೆ ಹಿತ್ತಾಳೆ ಕರಗಿಹೋಗುತ್ತೆ" ಅನ್ನುವುದು ಜಾಸ್ತಿಯೇ ಆಯ್ತು. ಸಿಂಕ್ರೋ ಹಿಡಿಯದ ಸಮಸ್ಯೆ ಮಾತ್ರ ಹಾಗೇ ಇದೆ, ನನ್ನ ಪ್ರಕಾರ ಗೇರ್‌ಬಾಕ್ಸ್‌ಗೆ ಜಿಎಲ್-5 ಬೇಡ ಅನ್ನಲು ಅದೊಂದೇ ಸಾಕು.

ಎರಡು ತಪ್ಪುಗಳಲ್ಲಿ ಯಾವುದು ದೊಡ್ಡದು? ಗೇರ್‌ಬಾಕ್ಸ್‌ಗೆ ಜಿಎಲ್-5 ಹೋದರೆ ಗಾಡಿಯೇ ಹೇಳುತ್ತದೆ, ಸದ್ದು ಮಾಡುತ್ತದೆ, ಬೇಗ ಇಳಿಸಿ ಸರಿಯಾದದ್ದು ಹಾಕಿದರೆ ಹೆಚ್ಚಿನ ಸಲ ಸರಿಹೋಗುತ್ತದೆ. ಹೈಪಾಯ್ಡ್ ಡಿಫರೆನ್ಷಿಯಲ್‌ಗೆ ಜಿಎಲ್-4 ಹೋದರೆ ಏನೂ ಗೊತ್ತಾಗುವುದಿಲ್ಲ. ಗಾಡಿ ಚೆನ್ನಾಗೇ ಓಡುತ್ತದೆ. ಸಾಮಾನು ತುಂಬಿಕೊಂಡು ಉದ್ದದ ಏರು ಹತ್ತುವಾಗ ಹಲ್ಲಿನ ಮುಖ ಗೀರಿಕೊಂಡಿರುತ್ತದೆ, ಊಂ ಅನ್ನೋ ಸದ್ದು ಶುರುವಾಗುವ ಹೊತ್ತಿಗೆ ಕ್ರೌನ್-ಪಿನಿಯನ್ ಕೆಟ್ಟಾಗಿದೆ. ಆದ್ದರಿಂದ ಕೈಪಿಡಿ ಹೈಪಾಯ್ಡ್‌ಗೆ ಜಿಎಲ್-5 ಅಂದಿದ್ದರೆ ಅಲ್ಲಿ ರಾಜಿ ಬೇಡವೇ ಬೇಡ.

ಕೆಲವು ಕ್ಯಾನ್ ಮೇಲೆ "ಜಿಎಲ್-4/ಜಿಎಲ್-5" ಅಂತ ಎರಡನ್ನೂ ಬರೆದಿರುತ್ತಾರೆ. ನಾಲ್ಕೂ ಪೆಟ್ಟಿಗೆಗೆ ಒಂದೇ ಕ್ಯಾನ್ ಸಾಕು ಅಂತ ಆಸೆ ಆಗುವುದು ಸಹಜ. ಹೆಚ್ಚಿನವು ಹಿತ್ತಾಳೆಗೆ ತೊಂದರೆ ಕೊಡದಂತೆ ಮಾಡಿರುವ ಜಿಎಲ್-5 ಆಯಿಲ್‌ಗಳೇ. ಡಿಫರೆನ್ಷಿಯಲ್‌ಗೆ ಧಾರಾಳವಾಗಿ ಹಾಕಿ. ಗೇರ್‌ಬಾಕ್ಸ್‌ಗೆ ಹಾಕುವ ಮುಂಚೆ, ಸಿಂಕ್ರೋ ಇರುವ ಮ್ಯಾನುಯಲ್ ಗೇರ್‌ಬಾಕ್ಸ್‌ಗೆ ಆಗುತ್ತದೆ ಅಂತ ತಯಾರಕರು ಬಿಡಿಸಿ ಬರೆದಿದ್ದಾರಾ ನೋಡಿ. ಬರೆದಿಲ್ಲ ಅಂದರೆ ಬರೀ ಜಿಎಲ್-4 ಅಂತ ಇರುವುದನ್ನೇ ಹುಡುಕಿ. ಎಂಟಿ-1 ಅಂತ ಕಂಡರೆ ಅದು ಸಿಂಕ್ರೋ ಇಲ್ಲದ ದೊಡ್ಡ ಲಾರಿ-ಬಸ್ಸಿನ ಗೇರ್‌ಬಾಕ್ಸ್‌ಗೆ, ನಮಗಲ್ಲ.

ಹಳೆಯ ಕೈಪಿಡಿ ಓದುವವರು ಇನ್ನೊಂದನ್ನು ಗಮನಿಸಬೇಕು. ಕೆಲವು ಪುಸ್ತಕಗಳಲ್ಲಿ ಜಿಎಲ್ ನಂಬರ್ ಇರುವುದಿಲ್ಲ, ಅಮೆರಿಕನ್ ಸೇನೆಯ ನಂಬರ್ ಇರುತ್ತದೆ. ಎಂಐಎಲ್-ಎಲ್-2105 ಅಂತ ಇದ್ದರೆ ಅದು ಜಿಎಲ್-4 ಮಟ್ಟದ್ದು. ಅದೇ ನಂಬರಿನ ಕೊನೆಗೆ "ಬಿ" ಸೇರಿ ಎಂಐಎಲ್-ಎಲ್-2105ಬಿ ಅಂತ ಇದ್ದರೆ ಜಿಎಲ್-5. ಸಿ, ಡಿ ಇದ್ದರೂ ಜಿಎಲ್-5ನದೇ ಸಾಲು. ಕೊನೆಯ ಒಂದಕ್ಷರ ಕಣ್ತಪ್ಪಿದರೆ ಆಯ್ಕೆಯೇ ಬದಲಾಗುತ್ತದೆ, ಬೆರಳಿಟ್ಟು ಓದಿ.

ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಎರಡೂ ಒಂದೇ ಹೌಸಿಂಗ್‌ನಲ್ಲಿದ್ದು ಒಂದೇ ಆಯಿಲ್ ಕುಡಿಯುವ ಗಾಡಿಗಳೂ ಇವೆ, ಹಿಂದೆ ಎಂಜಿನ್ ಇರುವ ಫೋಕ್ಸ್‌ವ್ಯಾಗನ್ ಟಿ3 ಸಿಂಕ್ರೋ (ಇಲ್ಲಿ ಸಿಂಕ್ರೋ ಅನ್ನುವುದು ಮಾಡೆಲ್ ಹೆಸರು) ಥರದವು. ಅಲ್ಲಿ "ಡಿಫರೆನ್ಷಿಯಲ್‌ಗೆ ಜಿಎಲ್-5" ಅನ್ನೋ ನಿಯಮ ತಂದು ಹೇರಬೇಡಿ. ಅದರ ಸಿಂಕ್ರೋ ರಿಂಗ್, ಕ್ರೌನ್-ಪಿನಿಯನ್ ಎರಡನ್ನೂ ಒಂದೇ ಆಯಿಲ್‌ಗೆ ಹೊಂದಿಸಿ ಮಾಡಿರುತ್ತಾರೆ, ಕೈಪಿಡಿ ಏನು ಹೇಳುತ್ತದೋ ಅದೇ ಅಂತಿಮ.

ದಪ್ಪ ಎಷ್ಟಿರಬೇಕು?

ಮೊದಲಿಗೆ, ಗೇರ್ ಆಯಿಲ್‌ನ 90ನ್ನು ಎಂಜಿನ್ ಆಯಿಲ್‌ನ 40ರ ಪಕ್ಕದಲ್ಲಿಟ್ಟು "ಎರಡು ಪಟ್ಟು ದಪ್ಪ" ಅಂತ ಲೆಕ್ಕ ಹಾಕಬೇಡಿ. ಎರಡೂ ಬೇರೆ ಅಳತೆ. 100 ಡಿಗ್ರಿ ಬಿಸಿಯಲ್ಲಿ 90 ಗ್ರೇಡ್ ಗೇರ್ ಆಯಿಲ್ 13.5ರಿಂದ 18.5 ಸೆಂಟಿಸ್ಟೋಕ್ಸ್ (ಆಯಿಲ್ ಎಷ್ಟು ದಪ್ಪ ಅಂತ ಹೇಳುವ ಅಳತೆ) ಒಳಗೆ ಇರುತ್ತದೆ, ಅಂದರೆ ಹೆಚ್ಚುಕಮ್ಮಿ 40 ಅಥವಾ 50ರ ಎಂಜಿನ್ ಆಯಿಲ್‌ನಷ್ಟೇ ದಪ್ಪ.

75ಡಬ್ಲ್ಯು-90 ಮತ್ತು 80ಡಬ್ಲ್ಯು-90 ಎರಡರಲ್ಲೂ ಹಿಂದಿನ ನಂಬರ್ ಒಂದೇ ಇದೆ ಅಲ್ವಾ, ಹಾಗಾಗಿ ಬಿಸಿಯಾದ ಮೇಲೆ ಎರಡೂ ಒಂದೇ ವರ್ಗ. ವ್ಯತ್ಯಾಸ ಇರುವುದು ಚಳಿಯಲ್ಲಿ. ಆಯಿಲ್ ಗಟ್ಟಿಯಾಗಿ ಹರಿಯದೇ ಇರುವ ಹಂತಕ್ಕೆ ಒಂದು ಮಿತಿ ಇಟ್ಟಿದ್ದಾರೆ: 75ಡಬ್ಲ್ಯು ಅದನ್ನು ಮೈನಸ್ 40 ಡಿಗ್ರಿವರೆಗೆ ದಾಟಬಾರದು, 80ಡಬ್ಲ್ಯು ಮೈನಸ್ 26ರವರೆಗೆ, 85ಡಬ್ಲ್ಯು ಮೈನಸ್ 12ರವರೆಗೆ. ಮಂಜು ಬೀಳುವ ಕಡೆ ಗಾಡಿ ಓಡಿಸುವವರಿಗೆ ಡಿಫರೆನ್ಷಿಯಲ್‌ಗೂ 75ಡಬ್ಲ್ಯು ಬೇಕು. ಸೆಕೆಯ ನಾಡಿನವರಿಗೆ ಡಿಫರೆನ್ಷಿಯಲ್‌ನಲ್ಲಿ 80ಡಬ್ಲ್ಯು-90 ಸಾಕು. ಗೇರ್‌ಬಾಕ್ಸ್‌ಗೆ ಮಾತ್ರ ಎಲ್ಲೇ ಇದ್ದರೂ 75ಡಬ್ಲ್ಯು-90 ನನ್ನ ಮೊದಲ ಆಯ್ಕೆ, ಯಾಕೆಂದರೆ ಸಿಂಕ್ರೋ ಮುಷ್ಕರ ಹೂಡುವುದು ಗಾಡಿ ತಣ್ಣಗಿರುವಾಗಲೇ. 15 ಡಿಗ್ರಿಯ ಬೆಳಗಿನಲ್ಲೂ ಎರಡರ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ಕೈಪಿಡಿ 75ಡಬ್ಲ್ಯು-85ನ್ನೂ ಒಪ್ಪಿದ್ದರೆ ಚಳಿ ಪ್ರದೇಶದಲ್ಲಿ ಅದು ಇನ್ನೂ ಹಗುರ.

85ಡಬ್ಲ್ಯು-140 ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹಿಂದಿನ ಡಿಫರೆನ್ಷಿಯಲ್ ಸದ್ದು ಮಾಡುತ್ತಿದೆ, 140 ಹಾಕಿದರೆ ನಿಲ್ಲುತ್ತದೆ ಅಂತ ಎಲ್ಲೆಡೆ ಸಲಹೆ ಸಿಗುತ್ತದೆ. ಸದ್ದು ಸ್ವಲ್ಪ ಕಡಿಮೆ ಆಗಬಹುದು, ಸವೆದ ಬೇರಿಂಗ್ ಸವೆದೇ ಇರುತ್ತದೆ. ಅಷ್ಟು ದಪ್ಪದ ಆಯಿಲ್ ತಣ್ಣಗಿರುವಾಗ ಪಿನಿಯನ್‌ನ ಮುಂದಿನ ಬೇರಿಂಗ್‌ವರೆಗೆ ಹರಿದು ಹೋಗಲು ತಡವಾಗುತ್ತದೆ, ಕಲಕುವುದಕ್ಕೇ ಶಕ್ತಿ ಹೋಗಿ ಡೀಸೆಲ್ ಖರ್ಚೂ ಏರುತ್ತದೆ. ತೀರಾ ಸೆಕೆ, ಸದಾ ಪೂರ್ತಿ ಲೋಡ್, ಹಿಂದೆ ಟ್ರೇಲರ್, ಜೊತೆಗೆ ಕೈಪಿಡಿಯಲ್ಲೂ ಅನುಮತಿ ಇದೆ ಅಂದರೆ ಮಾತ್ರ ಹಿಂದಿನ ಡಿಫರೆನ್ಷಿಯಲ್‌ಗೆ 140 ಸರಿ.

ನಡುವಿನ ದಾರಿ ಒಂದಿದೆ, ಹಳೆಯ ಗಾಡಿಯವರಿಗೆ ಇದು ತುಂಬಾ ಉಪಯೋಗ. 2005ರ ಮುಂಚೆ 90 ಗ್ರೇಡ್‌ನ ವ್ಯಾಪ್ತಿ 13.5ರಿಂದ 24ರವರೆಗೆ ಇತ್ತು. ಆ ವರ್ಷ ಈ ಗ್ರೇಡ್‌ಗಳನ್ನು ನಿಗದಿ ಮಾಡುವ ಅಮೆರಿಕದ ಸಂಸ್ಥೆ ಎಸ್‌ಎಇ ಅದನ್ನು ಸೀಳಿ, ಮೇಲಿನ ಅರ್ಧಕ್ಕೆ 110 ಅಂತ ಹೊಸ ಹೆಸರು ಕೊಟ್ಟಿತು. ಅಂದರೆ 1980-90ರ ದಶಕದ ನಿಮ್ಮ ಕೈಪಿಡಿಯಲ್ಲಿ 90 ಅಂತ ಇರುವ ಆಯಿಲ್ ಆ ಕಾಲದಲ್ಲಿ ಇವತ್ತಿನ 110ರಷ್ಟು ದಪ್ಪವೂ ಇದ್ದಿರಬಹುದು. ಲೋಡ್ ಜಾಸ್ತಿ, ಬಿಸಿಲು ಜಾಸ್ತಿ, 90 ತೆಳುವೇನೋ ಅನ್ನಿಸಿದರೆ 140ಕ್ಕೆ ಹಾರುವ ಬದಲು 75ಡಬ್ಲ್ಯು-110 ಸಿಗುತ್ತದಾ ನೋಡಿ. ಆ ಕಾಲದ ಕೈಪಿಡಿಯ ಮಾತಿಗೂ ಇದು ಹೊರತಲ್ಲ.

ಮಿನರಲ್ಲಾ, ಸಿಂಥೆಟಿಕ್ಕಾ

ಡಿಫರೆನ್ಷಿಯಲ್‌ಗೆ ಒಳ್ಳೆಯ ಮಿನರಲ್ ಆಯಿಲ್ ಹಾಕಿ ಸಮಯಕ್ಕೆ ಸರಿಯಾಗಿ ಬದಲಿಸಿದರೆ ಏನೂ ತೊಂದರೆ ಇಲ್ಲ. ಹೊಳೆ, ಕೆಸರು ದಾಟುವವರಂತೂ ಪದೇ ಪದೇ ಬದಲಿಸಲೇಬೇಕು, ಅವರಿಗೆ ದುಬಾರಿ ಸಿಂಥೆಟಿಕ್ ಸುಮ್ನೆ ದಂಡ. ಗೇರ್‌ಬಾಕ್ಸ್‌ನಲ್ಲಿ ಸಿಂಥೆಟಿಕ್‌ನ ಲಾಭ ನಿಜವಾಗಿಯೂ ಕಾಣುತ್ತದೆ. ತಣ್ಣಗಿರುವಾಗ ಹರಿಯುತ್ತದೆ, ಬಿಸಿಯಾದಾಗ ತೀರಾ ತೆಳುವಾಗುವುದಿಲ್ಲ. ಮಿತ್ಸುಬಿಷಿ ಡೆಲಿಕಾ, ಟೊಯೋಟಾ ಹೈಏಸ್ ಥರದ ವ್ಯಾನ್‌ಗಳಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೆ ಇರುತ್ತದೆ, ಗೇರ್‌ಬಾಕ್ಸ್ ಅದರ ಬೆನ್ನಿಗೇ ಅಂಟಿಕೊಂಡು ಬಿಸಿ ಗಾಳಿಯಲ್ಲಿ ಕೆಲಸ ಮಾಡುತ್ತದೆ. ದುಡ್ಡು ಒಂದೇ ಕಡೆ ಹಾಕಬೇಕು ಅಂದರೆ ಗೇರ್‌ಬಾಕ್ಸ್‌ಗೆ ಹಾಕಿ.

ಸಿಂಥೆಟಿಕ್ ಹಾಕಿದ ಮೇಲೆ ಸೋರಲು ಶುರುವಾಯ್ತು ಅನ್ನುವವರು ಇದ್ದಾರೆ. ಹೆಚ್ಚಿನ ಸಲ ಅಲ್ಲಿ ಆಗಿರುವುದೇ ಬೇರೆ: ಗಟ್ಟಿಯಾದ ಹಳೆಯ ಸೀಲ್‌ನ ಸಂದಿಯಲ್ಲಿ ಕೂತಿದ್ದ ಜಿಡ್ಡನ್ನು ಹೊಸ ಆಯಿಲ್ ತೊಳೆದಿರುತ್ತದೆ. ಸೀಲ್ ಮೊದಲೇ ಹೋಗಿತ್ತು. ಈಗಾಗಲೇ ಒಸರುತ್ತಿರುವ ಗಾಡಿಗೆ ಸೀಲ್ ಹಾಕಿಸಿ ಆಮೇಲೆ ಸಿಂಥೆಟಿಕ್ ಯೋಚಿಸಿ. ಅದಕ್ಕೂ ಮುಂಚೆ ಬ್ರೀದರ್ ನೋಡಿ. ಡಿಫರೆನ್ಷಿಯಲ್ ಹೌಸಿಂಗ್ ಮೇಲಿನ ಆ ಪುಟ್ಟ ಟೋಪಿ ಮಣ್ಣು ತುಂಬಿ ಕಟ್ಟಿಕೊಂಡಿದ್ದರೆ, ಒಳಗೆ ಬಿಸಿಯಾದ ಗಾಳಿ ಸೀಲ್ ಮೂಲಕವೇ ಆಯಿಲ್ ತಳ್ಳುತ್ತದೆ. ತಣ್ಣಗಾಗುವಾಗ, ಅದೂ ನೀರಲ್ಲಿ ನಿಂತಿದ್ದರೆ, ಅದೇ ದಾರಿಯಲ್ಲಿ ನೀರು ಎಳೆದುಕೊಳ್ಳುತ್ತದೆ.

ಟ್ರಾನ್ಸ್‌ಫರ್ ಕೇಸ್ ಮತ್ತು ಎಲ್‌ಎಸ್‌ಡಿ

ಟ್ರಾನ್ಸ್‌ಫರ್ ಕೇಸ್‌ಗೆ ಊಹೆ ಮಾಡಬೇಡಿ. ಬರೀ ಗೇರ್ ಇರುವ ಕೇಸ್‌ಗಳಿಗೆ ಹೆಚ್ಚಾಗಿ ಗೇರ್‌ಬಾಕ್ಸ್‌ನ ಆಯಿಲೇ ನಡೆಯುತ್ತದೆ. ಒಳಗೆ ಚೈನ್ ಇರುವ ಕೆಲವಕ್ಕೆ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಹಾಕುವ ತೆಳು ಆಯಿಲ್) ಹೇಳಿರುತ್ತಾರೆ. ಅಂಥದ್ದಕ್ಕೆ 90 ಸುರಿದರೆ ಚೈನ್‌ಗೂ ಒಳಗಿನ ಪಂಪಿಗೂ ಕಷ್ಟ. ವಿಸ್ಕಸ್ ಕಪ್ಲಿಂಗ್ (ಗಟ್ಟಿ ದ್ರವದ ಮೂಲಕ ಶಕ್ತಿ ದಾಟಿಸುವ ಜೋಡಣೆ) ಇದ್ದರೆ ಅದರೊಳಗಿನ ಸಿಲಿಕಾನ್ ದ್ರವ ಬೇರೆ, ಸೀಲ್ ಆಗಿರುತ್ತದೆ, ನೀವು ಹಾಕುವ ಆಯಿಲ್‌ಗೂ ಅದಕ್ಕೂ ಸಂಬಂಧ ಇಲ್ಲ. ಕಪ್ಲಿಂಗ್ ಬಿಗಿದುಕೊಂಡು ಹೋಗಿ ತಿರುವಿನಲ್ಲಿ ಗಾಡಿ ತಡೆದ ಹಾಗಾಗುತ್ತಿದ್ದರೆ ಆಯಿಲ್ ಬದಲಿಸಿ ಪ್ರಯೋಜನವಿಲ್ಲ.

ಹಿಂದಿನ ಡಿಫರೆನ್ಷಿಯಲ್‌ನಲ್ಲಿ ಎಲ್‌ಎಸ್‌ಡಿ ಇದೆಯೋ ಇಲ್ಲವೋ ಗೊತ್ತಿಲ್ಲದೆ ಆಯಿಲ್ ತರಬೇಡಿ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಟು ವೀಲ್ ಡ್ರೈವ್‌ನಲ್ಲಿಟ್ಟು ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಡಿ. ಒಂದು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಇನ್ನೊಂದು ಎದುರು ದಿಕ್ಕಿಗೆ ತಿರುಗಿದರೆ ಸಾಮಾನ್ಯ ಡಿಫರೆನ್ಷಿಯಲ್. ಅದೇ ದಿಕ್ಕಿಗೆ ಬಂದರೆ ಎಲ್‌ಎಸ್‌ಡಿ. ಪ್ಲೇಟ್ ಪೂರ್ತಿ ಸವೆದ ಎಲ್‌ಎಸ್‌ಡಿಯೂ ಎದುರು ದಿಕ್ಕಿಗೆ ತಿರುಗಬಹುದು, ಹಾಗಾಗಿ ಫಿಲ್ಲರ್ ಪ್ಲಗ್ ಹತ್ತಿರದ ಚೀಟಿ ಅಥವಾ ಗಾಡಿಯ ಪ್ಲೇಟ್ ಮೇಲಿನ ಕೋಡ್ ಕೂಡ ನೋಡಿ. ಕ್ಲಚ್ ಪ್ಲೇಟ್ ಎಲ್‌ಎಸ್‌ಡಿ ಆದರೆ ಜಿಎಲ್-5 ಜೊತೆಗೆ "ಎಲ್‌ಎಸ್" ಅಂತ ಇರುವ ಆಯಿಲ್ ಬೇಕು. ಅದರಲ್ಲಿ ಪ್ಲೇಟ್‌ಗಳು ಜಗ್ಗದೆ ನಯವಾಗಿ ಜಾರಲು ಫ್ರಿಕ್ಷನ್ ಮಾಡಿಫೈಯರ್ ಇರುತ್ತದೆ. ಅದಿಲ್ಲದಿದ್ದರೆ ಸಣ್ಣ ತಿರುವಿನಲ್ಲಿ ಹಿಂದಿನಿಂದ ಗಡಗಡ ಸದ್ದು. ಒಳ್ಳೆಯದಲ್ವಾ ಅಂತ ಮಾಡಿಫೈಯರ್ ಬಾಟಲಿ ಜಾಸ್ತಿ ಸುರಿದರೆ ಎಲ್‌ಎಸ್‌ಡಿ ಹಿಡಿಯುವುದನ್ನೇ ಬಿಡುತ್ತದೆ. ಮುಂದಿನ ಡಿಫರೆನ್ಷಿಯಲ್‌ನಲ್ಲಿ ಸಾಮಾನ್ಯವಾಗಿ ಇದ್ಯಾವುದೂ ಇರುವುದಿಲ್ಲ, ಸಾದಾ ಜಿಎಲ್-5 ಸಾಕು. ಫ್ರೀ ವೀಲಿಂಗ್ ಹಬ್ (ಟು ವೀಲ್‌ನಲ್ಲಿ ಓಡುವಾಗ ಮುಂದಿನ ಚಕ್ರಗಳನ್ನು ಆಕ್ಸಲ್‌ನಿಂದ ಬಿಡಿಸುವಂಥದ್ದು) ಇರುವ ಗಾಡಿಯಾದರೆ ಆಗಾಗ ಸಡಿಲ ಮಣ್ಣಿನ ರಸ್ತೆಯಲ್ಲಿ ಫೋರ್ ವೀಲ್ ಹಾಕಿ ಸ್ವಲ್ಪ ದೂರ ಓಡಿಸಿ, ಇಲ್ಲದಿದ್ದರೆ ಅಲ್ಲಿನ ಆಯಿಲ್ ತಳದಲ್ಲೇ ಕೂತಿರುತ್ತದೆ.

ಆಯಿಲ್ ಮೇಲೆ ತಪ್ಪು ಹೊರಿಸುವ ಮುಂಚೆ

ವ್ಯಾನ್‌ಗಳಲ್ಲಿ ಗೇರ್ ಲಿವರ್‌ಗೂ ಗೇರ್‌ಬಾಕ್ಸ್‌ಗೂ ತುಂಬಾ ದೂರ. ಟಿ3ಯಲ್ಲಂತೂ ರಾಡ್ ಗಾಡಿಯ ಉದ್ದಕ್ಕೂ ಹೋಗುತ್ತದೆ. ನಡುವಿನ ಬುಷ್‌ಗಳು ಸವೆದರೆ, ಕೇಬಲ್ ಬಿಗಿಯಾದರೆ, ಕ್ಲಚ್ ಪೂರ್ತಿ ಬಿಡದಿದ್ದರೆ ಗೇರ್ ಗಟ್ಟಿ ಅನ್ನಿಸುತ್ತದೆ. ಎಂಜಿನ್ ಆಫ್ ಇರುವಾಗ ಗೇರ್ ಹಾಕಿ ನೋಡಿ. ಆಗಲೂ ಗಟ್ಟಿ ಇದ್ದರೆ ಮೊದಲು ಲಿಂಕೇಜ್ ಕಡೆ ನೋಡಿ. ಆಫ್ ಇರುವಾಗ ಸಲೀಸು, ಆನ್ ಮಾಡಿದರೆ ಎಲ್ಲ ಗೇರೂ ಕಷ್ಟ, ರಿವರ್ಸ್ ಕರ್ರ್ ಅನ್ನುತ್ತದೆ ಅಂದರೆ ಕ್ಲಚ್ ನೋಡಿ. ಓಡುವಾಗ ಒಂದೆರಡು ಗೇರಿಗೆ ಮಾತ್ರ ಕರ್ರ್ ಅಂದರೆ ಆಗ ಸಿಂಕ್ರೋ, ಆಯಿಲ್ ಮಾತು.

ಇಳಿಸಿದ ಆಯಿಲ್ ಬಹಳ ಹೇಳುತ್ತದೆ. ಡ್ರೈನ್ ಪ್ಲಗ್‌ನ ಮ್ಯಾಗ್ನೆಟ್ ಮೇಲೆ ಕಪ್ಪು-ಬೂದು ಪೇಸ್ಟ್ ಇರುತ್ತದೆ. ಅದನ್ನು ಎರಡು ಬೆರಳ ನಡುವೆ ಉಜ್ಜಿ. ನುಣ್ಣಗೆ ಹರಡಿದರೆ ಮಾಮೂಲಿ ಸವೆತ. ಬೆರಳಿಗೆ ಚುಚ್ಚುವ ಚೂರು, ಸೂಜಿಯಂಥ ಎಳೆ, ಹಲ್ಲಿನ ತುಂಡು ಸಿಕ್ಕರೆ ಹೊಸ ಆಯಿಲ್‌ನ ಕ್ಯಾನ್ ಪಕ್ಕಕ್ಕಿಡಿ, ಪೆಟ್ಟಿಗೆ ಬಿಚ್ಚಿಸಬೇಕು. ಆಯಿಲ್‌ನಲ್ಲಿ ಹಳದಿ ಮಿಂಚು ತೇಲುತ್ತಿದ್ದರೆ ಅದು ಮ್ಯಾಗ್ನೆಟ್‌ಗೆ ಅಂಟದ ಹಿತ್ತಾಳೆ, ಸಿಂಕ್ರೋ ಸವೆಯುತ್ತಿದೆ. ಹಾಲು ಬೆರೆತ ಬಣ್ಣ ಬಂದಿದ್ದರೆ ನೀರು ಸೇರಿದೆ, ಕಿಲೋಮೀಟರ್ ಲೆಕ್ಕ ನೋಡದೆ ಬದಲಿಸಿ. ಇಲ್ಲದಿದ್ದರೆ ಕೈಪಿಡಿಯ ಅವಧಿ, ಭಾರದ ಕೆಲಸ ಇದ್ದರೆ ಅದರ ಅರ್ಧ. ಸೆಕೆಂಡ್ ಹ್ಯಾಂಡ್ ತಗೊಂಡು ಹಿಂದಿನ ಲೆಕ್ಕ ಗೊತ್ತಿಲ್ಲ ಅಂದರೆ ನಾಲ್ಕನ್ನೂ ಒಂದೇ ಸಲ ಬದಲಿಸಿಬಿಡಿ, ಯಾವುದರಲ್ಲಿ ಏನು ಹಾಕಿದ್ದೀರಿ ಅಂತ ಬರೆದಿಡಿ.

ಕೆಲಸಕ್ಕೆ ಇಳಿದಾಗ ಮೊದಲು ಫಿಲ್ಲರ್ ಪ್ಲಗ್ ಬಿಚ್ಚಿ, ಆಮೇಲೆ ಡ್ರೈನ್. ಫಿಲ್ಲರ್ ಜಾಮ್ ಆಗಿರುವುದು ಆಯಿಲ್ ಇಳಿಸಿದ ಮೇಲೆ ಗೊತ್ತಾದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಸ್ವಲ್ಪ ಓಡಿಸಿ ಬೆಚ್ಚಗಾದ ಮೇಲೆ ಇಳಿಸಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಕೈಪಿಡಿ ಬೇರೆ ಹೇಳದಿದ್ದರೆ ಫಿಲ್ಲರ್ ತೂತಿನ ಕೆಳ ಅಂಚಿಗೆ ಬರುವ ತನಕ ತುಂಬಿ, ಹೊಸ ವಾಷರ್ ಹಾಕಿ ಬಿಗಿ ಮಾಡಿ. ಕೆಲವು ವಾರ ಓಡಿಸಿ ಮತ್ತೆ ಲೆವೆಲ್ ನೋಡಿ, ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ಎರಡರ ಪ್ಲಗ್ಗೂ ಒಟ್ಟಿಗೇ ತೆಗೆದು. ಒಂದರಲ್ಲಿ ಕಡಿಮೆಯಾಗಿ ಇನ್ನೊಂದರಲ್ಲಿ ತುಂಬಿ ಚೆಲ್ಲಿದರೆ ಹೊರಗೆ ಒಂದು ಹನಿ ಸೋರದೆಯೂ ನಡುವಿನ ಸೀಲ್ ಹೋಗಿದೆ ಅಂತ ಅರ್ಥ. ಅದನ್ನು ಬದಲಿಸುವ ತನಕ, ಕೈಪಿಡಿ ಒಪ್ಪುವುದಾದರೆ, ಎರಡಕ್ಕೂ ಒಂದೇ ಜಿಎಲ್-4 ಆಯಿಲ್ ಹಾಕಿಟ್ಟು ಆಗಾಗ ಲೆವೆಲ್ ಸರಿ ಮಾಡುತ್ತಿರಿ. ಟ್ರಾನ್ಸ್‌ಫರ್ ಕೇಸ್‌ನಲ್ಲಿ ಎಟಿಎಫ್ ಇರುವ ಗಾಡಿಯಾದರೆ ಮಾತ್ರ ಕಾಯಬೇಡಿ, ಆ ಸೀಲ್ ಕೂಡಲೇ ಹಾಕಿಸಿ.